ಸಹಾಯ ಬೇಕು: ಹೊಸ ಇರಿಡಿಯಂ ಮೂಲದ ಅಳತೆ 3.6% ಕಡಿಮೆ ಬರುತ್ತಿದೆ

ಬ್ರಾಕಿಥೆರಪಿ (ದೇಹದೊಳಗೆ ವಿಕಿರಣ ಮೂಲವಿಟ್ಟು ಕೊಡುವ ಚಿಕಿತ್ಸೆ) ವಿಭಾಗಗಳಲ್ಲಿರುವ ವೈದ್ಯಕೀಯ ಭೌತವಿಜ್ಞಾನಿಗಳೇ, ನಿಮ್ಮ ನೆರವು ಬೇಕಾಗಿದೆ.

ಬೆಂಗಳೂರಿನ ನಮ್ಮ ಆಸ್ಪತ್ರೆಯ ಎಚ್‌ಡಿಆರ್ (ಹೆಚ್ಚಿನ ಡೋಸ್ ದರದ) ಯಂತ್ರಕ್ಕೆ ಈ ವಾರ ಹೊಸ ಇರಿಡಿಯಂ-192 ವಿಕಿರಣ ಮೂಲ ಬಂದಿದೆ. ವಿಕಿರಣ ಅಳೆಯುವ ಬಾವಿಯಾಕಾರದ ವೆಲ್ ಚೇಂಬರ್‌ನಲ್ಲಿ ಅಳೆದರೆ ಅದರ ಸಾಮರ್ಥ್ಯ ತಯಾರಕರ ಪ್ರಮಾಣಪತ್ರಕ್ಕಿಂತ 3.6% ಕಡಿಮೆ ಬರುತ್ತಿದೆ. 5% ದಾಟಿದ್ದರೆ ನೇರವಾಗಿ ತಯಾರಕರನ್ನೇ ಕೇಳಬಹುದಿತ್ತು. 3%ರ ಮಿತಿ ದಾಟಿ 5%ರೊಳಗೆ ನಿಂತಿರುವುದೇ ಪೀಕಲಾಟ.

ಮೂಲವನ್ನು 2.5 ಮಿ.ಮೀ. ಅಂತರದಲ್ಲಿ ಸರಿಸುತ್ತಾ ಗರಿಷ್ಠ ವಿದ್ಯುತ್ ಪ್ರವಾಹ ಸಿಗುವ ಜಾಗವನ್ನು ಗುರುತಿಸಿಯೇ ಅಳೆದಿದ್ದೇನೆ. ಸೋರಿಕೆ ಪ್ರವಾಹ ನಗಣ್ಯ. ಫಿಲ್ಮ್‌ನಲ್ಲಿ ಮೂಲದ ಸ್ಥಾನ 1 ಮಿ.ಮೀ. ಒಳಗೇ ಇದೆ. ಪ್ರಮಾಣಪತ್ರದಲ್ಲಿರುವುದು ಯುರೋಪಿನ ಸಮಯ, ನಿಜ, ಆದರೆ 73.8 ದಿನಗಳ ಅರ್ಧಾಯುಷ್ಯಕ್ಕೆ ಆ ನಾಲ್ಕೈದು ಗಂಟೆಗಳಲ್ಲಿ 0.2% ಕೂಡ ಕರಗುವುದಿಲ್ಲ.

ನನ್ನ ಅನುಮಾನವೆಲ್ಲ ಗೋಡೆಯ ಮೇಲಿನ ಹಳೆಯ ವಾಯುಭಾರಮಾಪಕದ ಮೇಲೆ. ಈ ಎತ್ತರದಲ್ಲಿ 910 ಹೆಕ್ಟೋಪಾಸ್ಕಲ್ ಆಸುಪಾಸಿನಲ್ಲಿರಬೇಕಾದ ಮುಳ್ಳು 940ಕ್ಕೆ ಅಂಟಿಕೊಂಡಿದೆ. ಬೆರಳಿನಿಂದ ತಟ್ಟಿದರೂ ಅಲುಗಾಡುವುದಿಲ್ಲ. ಗಾಳಿಯ ಒತ್ತಡಕ್ಕೆ ತಕ್ಕಂತೆ ಅಳತೆಗೆ ಮಾಡುವ ತಿದ್ದುಪಡಿಯೊಂದರಲ್ಲೇ ಅದು 3% ನುಂಗಿಹಾಕುತ್ತದೆ. ಮೊಬೈಲ್ ಹವಾಮಾನ ಆ್ಯಪ್ ನೋಡಿ ಎಂದು ದಯವಿಟ್ಟು ಹೇಳಬೇಡಿ. ಅದು ಸಾಮಾನ್ಯವಾಗಿ ಕೊಡುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ.

ಮಾಪನಾಂಕ ನಿರ್ಣಯದ ಅವಧಿ ಮುಗಿಯದ ವಾಯುಭಾರಮಾಪಕ ನಗರದಲ್ಲಿ ಯಾರ ಬಳಿಯಾದರೂ ಇದ್ದರೆ ಅರ್ಧ ದಿನಕ್ಕೆ ಕೊಡಬಲ್ಲಿರಾ? ಜೊತೆಗೆ ವೆಲ್ ಚೇಂಬರ್, ಅದರ ಪ್ರವಾಹ ಅಳೆಯುವ ಎಲೆಕ್ಟ್ರೋಮೀಟರ್ ಸಿಕ್ಕರೆ ಪೂರ್ತಿ ತಾಳೆ ನೋಡಬಹುದು. ಒಯ್ಯಲು, ಮರಳಿಸಲು ನಾನೇ ಬರುತ್ತೇನೆ.

ಗರ್ಭಕಂಠದ ಕ್ಯಾನ್ಸರ್ ರೋಗಿಗಳು ಕಾಯುತ್ತಿದ್ದಾರೆ. ಪ್ರಮಾಣಪತ್ರದ ಅಂಕಿಯನ್ನೇ ಹಾಕಿ ಮುಗಿಸಿ ಎಂಬ ಒತ್ತಾಯವೂ ಇದೆ. ಕಾರಣ ತಿಳಿಯದೆ ಹಾಗೆ ಮಾಡಲು ನನಗೆ ಒಪ್ಪಿಗೆಯಿಲ್ಲ. ನಿಮ್ಮಲ್ಲಿ ಇಂಥ ಸಂದರ್ಭದಲ್ಲಿ ಯಾವ ಅಂಕಿಯನ್ನು ಬಳಸುತ್ತೀರಿ?