ಸಬ್‌ವೂಫರ್‌ಗೆ ಎಷ್ಟು ವ್ಯಾಟ್ ಸಾಕು, ಡಿಕ್ಕಿಯ ಗಡಗಡ ಸದ್ದನ್ನು ತಗ್ಗಿಸುವುದು ಹೇಗೆ?

ಪ್ರಶ್ನೆ

ನನ್ನ ಕಾರಿನ ಡಿಕ್ಕಿಯಲ್ಲಿ, ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದ 10 ಇಂಚಿನ ಸಬ್‌ವೂಫರ್ (ತಗ್ಗಿನ ಬಾಸ್ ಸ್ವರಗಳನ್ನಷ್ಟೇ ನುಡಿಸುವ ಸ್ಪೀಕರ್) ಒಂದಿದೆ. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ 1200 ವ್ಯಾಟ್ ಎಂದು ಅಚ್ಚಾಗಿದ್ದರೂ, ಕೈಪಿಡಿಯಲ್ಲಿ ಆರ್‌ಎಂಎಸ್ (ಸತತವಾದ ಶಕ್ತಿ) 300 ವ್ಯಾಟ್ ಎಂದೂ, ತಲಾ 4 ಓಮ್‌ನ ಎರಡು ವಾಯ್ಸ್ ಕಾಯಿಲ್‌ಗಳಿವೆ (ಸ್ಪೀಕರನ್ನು ಅಲುಗಿಸುವ ತಂತಿಸುರುಳಿಗಳು) ಎಂದೂ ಇದೆ. ಸದ್ಯ ಸ್ನೇಹಿತರಿಂದ ತಾತ್ಕಾಲಿಕವಾಗಿ ಪಡೆದ, ಸುಮಾರು 150 ವ್ಯಾಟ್ ಕೊಡುವ ಆಂಪ್ಲಿಫೈಯರ್ ಒಂದನ್ನು ಜೋಡಿಸಿಕೊಂಡಿದ್ದೇನೆ. ಈಗ ಸ್ವಂತದ್ದೊಂದನ್ನು ಕೊಳ್ಳಬೇಕಾಗಿದ್ದು, 2 ಓಮ್‌ನಲ್ಲಿ 350 ವ್ಯಾಟ್ ಆರ್‌ಎಂಎಸ್ ಕೊಡುವುದು ಒಂದು, 600 ವ್ಯಾಟ್ ಕೊಡುವುದು ಇನ್ನೊಂದು, ಹೀಗೆ ಎರಡರ ನಡುವೆ ನನ್ನ ಮನಸ್ಸು ಹೊಯ್ದಾಡುತ್ತಿದೆ.

ಇದರ ಜೊತೆಗೆ ಇನ್ನೊಂದು ತೊಂದರೆಯಿದೆ. ವಾಲ್ಯೂಮ್ ಅರ್ಧ ದಾಟಿದೊಡನೆ ಹಿಂಬದಿಯಿಂದ ಗಡಗಡ, ಝರ್‌ಝರ್ ಎಂಬ ಸದ್ದು ಏಳುತ್ತದೆ ಮತ್ತು ಬಾಸ್ ಗಿಟಾರಿನ ಸದ್ದು ಯಾವುದು, ತಗಡಿನ ಸದ್ದು ಯಾವುದು ಎಂದು ಬೇರ್ಪಡಿಸಿ ಕೇಳುವುದೇ ಕಷ್ಟವಾಗುತ್ತದೆ. ವ್ಯಾಟ್ ಹೆಚ್ಚಿಸಿದರೆ ಬಾಸ್‌ನ ಅಬ್ಬರದಲ್ಲಿ ಆ ಸದ್ದು ಮುಚ್ಚಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದರು. ಅದು ನಿಜವೇ? ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಸದ್ದು ಮುಚ್ಚಿಹೋಗುವುದಿಲ್ಲ. ಬಾಸ್ ಏರಿದಷ್ಟೂ ತಗಡನ್ನು ಅಲುಗಿಸುವ ಬಲವೂ ಏರುವುದರಿಂದ, ಗಡಗಡ ಸದ್ದು ಬಾಸ್‌ನ ಬೆನ್ನು ಬಿಡದೆ ಬರುತ್ತದೆ. ಅದರ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ. ನಾನು ವ್ಯಾಟ್ ಲೆಕ್ಕವನ್ನಷ್ಟೇ ಹೇಳುತ್ತೇನೆ.

1200 ಎಂಬ ಸಂಖ್ಯೆಯನ್ನು ಮರೆತುಬಿಡಿ. ಅದು ಕ್ಷಣಮಾತ್ರದ ಗರಿಷ್ಠ ಮಿತಿ. ಸಬ್‌ವೂಫರ್ ಗಂಟೆಗಟ್ಟಲೆ ತಡೆದುಕೊಳ್ಳಬಲ್ಲ ಶಕ್ತಿ 300 ವ್ಯಾಟ್, ನಿಮ್ಮ ಆಯ್ಕೆ ನಿಲ್ಲಬೇಕಾದದ್ದು ಅದರ ಮೇಲೆ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ; ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 350ಕ್ಕೂ 600ಕ್ಕೂ ನಡುವಿನ ವ್ಯತ್ಯಾಸ ಕಾಗದದ ಮೇಲೆ ದೊಡ್ಡದಾಗಿ ಕಂಡರೂ ಕಿವಿಗೆ ಎರಡೂಕಾಲು ಡೆಸಿಬೆಲ್‌ನಷ್ಟೇ, ಅದೂ ನಿಮ್ಮ ಸಬ್‌ವೂಫರ್ 600 ವ್ಯಾಟನ್ನು ತಡೆದುಕೊಂಡರೆ.

ಎರಡು ಕಾಯಿಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಆಂಪ್ಲಿಫೈಯರ್ 2 ಓಮ್ ಭಾರವನ್ನು ಹೊರಬಲ್ಲದು ಎಂಬುದನ್ನು ಖಚಿತಪಡಿಸಿಕೊಂಡು ಸಮಾಂತರವಾಗಿ ಜೋಡಿಸಿ. ಶೇಕಡಾ 80ರಷ್ಟು ದಕ್ಷತೆಯ ಕ್ಲಾಸ್ ಡಿ (ಶಕ್ತಿಯನ್ನು ಕಡಿಮೆ ವ್ಯರ್ಥಮಾಡುವ ಬಗೆಯ) ಆಂಪ್ಲಿಫೈಯರ್ ಎಂದಿಟ್ಟುಕೊಂಡರೆ, 13.8 ವೋಲ್ಟ್‌ನಲ್ಲಿ 350 ವ್ಯಾಟ್ ಕೊಡಲು ಅದು ಸುಮಾರು 32 ಆಂಪಿಯರ್ ಎಳೆಯುತ್ತದೆ; 600 ವ್ಯಾಟ್‌ಗೆ 54 ಆಂಪಿಯರ್ ಆಗುತ್ತದೆ. ಸಂಗೀತದಲ್ಲಿ ಸರಾಸರಿ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ, ಆದರೆ ತಂತಿಯ ದಪ್ಪವನ್ನೂ ಫ್ಯೂಸನ್ನೂ ಗರಿಷ್ಠಕ್ಕೆ ಹೊಂದುವಂತೆಯೇ ಆರಿಸಬೇಕು. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಲಿ, ಆಂಪ್ಲಿಫೈಯರ್‌ನ ಗ್ರೌಂಡ್ (ಋಣ) ತಂತಿಯನ್ನು ಕಾರಿನ ಬಣ್ಣ ಕೆರೆದ ಬರಿಯ ಲೋಹಕ್ಕೇ ಬಿಗಿಯಿರಿ.

ಇನ್ನು ಗೇನ್. ಎಲ್ಲಕ್ಕಿಂತ ಹೆಚ್ಚು ಸಬ್‌ವೂಫರ್‌ಗಳು ಸುಡುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ. ಗೇನ್ ಎಂಬುದು ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರುವ ಸಂಕೇತವನ್ನು ಆಂಪ್ಲಿಫೈಯರಿಗೆ ಹೊಂದಿಸುವ ತಿರುಪು. ಅದನ್ನು ಅತಿಯಾಗಿ ತಿರುಗಿಸಿದಾಗ ಅಲೆಯ ತುದಿಗಳು ಕತ್ತರಿಸಿದಂತಾಗಿ, ಕಾಯಿಲ್‌ಗೆ ಹೋಗುವ ಸರಾಸರಿ ಶಕ್ತಿ ಏರಿ, ಶಾಖ ಹೆಚ್ಚಿ ಅದು ಸುಟ್ಟುಹೋಗುತ್ತದೆ. ಬಾಸ್ ಬೂಸ್ಟನ್ನು ಸೊನ್ನೆಗಿಟ್ಟು, ಸಬ್‌ವೂಫರ್‌ನ ತಂತಿಯನ್ನು ಕಳಚಿ, ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮಿನಲ್ಲಿಟ್ಟು, 50 ಹರ್ಟ್ಸ್‌ನ ಪೂರ್ಣ ಮಟ್ಟದ ಪರೀಕ್ಷಾ ನಾದವನ್ನು ಹಾಕಿ, ಆಂಪ್ಲಿಫೈಯರ್‌ನ ಹೊರಹರಿವಿನಲ್ಲಿ ಮಲ್ಟಿಮೀಟರ್ ಎಸಿ ವೋಲ್ಟೇಜ್ ತೋರಿಸುವಂತೆ ಇಡಿ. 300 ವ್ಯಾಟನ್ನು 2 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ 24.5 ವೋಲ್ಟ್ ಬರುತ್ತದೆ. ಮೀಟರ್ ಅಲ್ಲಿಗೆ ಮುಟ್ಟಿದಾಗ ತಿರುಪನ್ನು ನಿಲ್ಲಿಸಿ. ನನ್ನ ಮತ 350ರ ಕಡೆಗೆ. 600ರದ್ದನ್ನು ಕೊಂಡರೂ ಇದೇ ರೀತಿ 24.5 ವೋಲ್ಟ್‌ಗೆ ಹೊಂದಿಸಿದರೆ ಅಪಾಯವಿಲ್ಲ, ಆದರೆ ಉಳಿದ ಶಕ್ತಿ ಬಳಕೆಗೆ ಬಾರದೆ ಉಳಿಯುತ್ತದೆ.

ಎರಡನೆಯ ಉತ್ತರ

ಗಡಗಡ ಸದ್ದನ್ನು ಬೇಟೆಯಾಡುವುದು ತಾಳ್ಮೆಯ ಕೆಲಸ, ಆದರೆ ಅದರಲ್ಲಿ ಸಿಗುವ ಸಂತೋಷ ಹೊಸ ಉಪಕರಣ ಕೊಂಡಾಗಲೂ ಸಿಗುವುದಿಲ್ಲ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟೂವರೆ ಮೀಟರ್, ಅಂದರೆ ಕಾರಿಗಿಂತಲೂ ಉದ್ದ. ಆದ್ದರಿಂದ ಕಾರಿನೊಳಗಿನ ಗಾಳಿಯೆಲ್ಲ ಒಟ್ಟಿಗೇ ಉಬ್ಬಿ ಇಳಿಯುತ್ತದೆ ಮತ್ತು ಸಡಿಲವಾದ ಪ್ರತಿಯೊಂದು ಭಾಗದ ಮೇಲೂ ಒತ್ತಡ ಬೀಳುತ್ತದೆ. ಪೆಟ್ಟಿಗೆಯನ್ನು ಡಿಕ್ಕಿಯೊಳಗೆ ಆ ಬದಿಗೆ ಈ ಬದಿಗೆ ಸರಿಸುವುದರಿಂದ ಸದ್ದು ಹೋಗುವುದಿಲ್ಲ.

ಮೊದಲು ಪೆಟ್ಟಿಗೆಯನ್ನು ಉದ್ದ ತಂತಿಯ ಸಹಾಯದಿಂದ ಕಾರಿನ ಹೊರಗಿಟ್ಟು ನುಡಿಸಿ. ಆಗಲೂ ಸದ್ದು ಬಂದರೆ ದೋಷ ಪೆಟ್ಟಿಗೆಯಲ್ಲೇ ಇದೆ: ಸ್ಕ್ರೂ ಸಡಿಲವಾಗಿರಬಹುದು, ಅಂಚಿನಿಂದ ಗಾಳಿ ಸೋರುತ್ತಿರಬಹುದು. ಬಾರದಿದ್ದರೆ ಪೆಟ್ಟಿಗೆಯನ್ನು ಒಳಗಿಟ್ಟು ಬಿಗಿದು, ಜ್ಯಾಕ್, ಪಾನಾ ಮತ್ತಿತರ ಉಪಕರಣಗಳನ್ನು ಹೊರತೆಗೆದು, 20ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ನಾದವನ್ನು ಹಾಕಿ. ಒಬ್ಬರು ಆವರ್ತನವನ್ನು ಓದಿ ಹೇಳುತ್ತಿರಲಿ, ಇನ್ನೊಬ್ಬರು ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತಿ ನೋಡಲಿ. ಯಾವ ಭಾಗದ ಮೇಲೆ ಕೈಯಿಟ್ಟಾಗ ಸದ್ದು ನಿಲ್ಲುತ್ತದೆಯೋ ಅದನ್ನೇ ಬಿಚ್ಚಿ ನೋಡಿ.

ನನ್ನ ಕಾರಿನಲ್ಲಿ 43 ಹರ್ಟ್ಸ್‌ಗೆ ಸರಿಯಾಗಿ ಹಿಂದಿನ ಶೆಲ್ಫ್ ಝರ್ ಎನ್ನುತ್ತಿತ್ತು. ಶೆಲ್ಫಿಗೆ ಸ್ಪಂಜು ಹಾಕಿದೆ, ಕ್ಲಿಪ್‌ಗಳನ್ನು ಬದಲಿಸಿದೆ, ಸದ್ದು ಕದಲಲಿಲ್ಲ. ಎರಡನೆಯ ಸಂಜೆ ಶೆಲ್ಫಿನ ಹೊದಿಕೆಯನ್ನೇ ಎತ್ತಿದಾಗ, ಬೆರಳ ತುದಿಯಷ್ಟು ದಪ್ಪದ ಪ್ಲಾಸ್ಟಿಕ್ ಕನೆಕ್ಟರ್ ಒಂದು ತಗಡಿಗೆ ತಾಗಿಕೊಂಡು ನಡುಗುತ್ತಿದ್ದುದು ಕಂಡಿತು. ಬಟ್ಟೆಯ ಟೇಪನ್ನು ಅದಕ್ಕೆ ಮೂರು ಸುತ್ತು ಸುತ್ತಿದೊಡನೆ ಮೌನ ಆವರಿಸಿತು. ನಂಬರ್ ಪ್ಲೇಟಿನ ಹಿಂದೆ ಫೋಮ್ ಟೇಪ್ ಹಚ್ಚುವುದನ್ನು ಮಾತ್ರ ಮೊದಲ ದಿನವೇ ಮಾಡಿಬಿಡಿ. ಆ ನಂತರ ನಾನು ಡಿಕ್ಕಿಯ ತಗಡಿಗೆಲ್ಲ ನಡುಕ ತಗ್ಗಿಸುವ ಡ್ಯಾಂಪಿಂಗ್ ಹಾಳೆ ಅಂಟಿಸಿದೆ, ನೀವೂ ಹಾಗೆಯೇ ಮಾಡಬಹುದು.

ಮೂರನೆಯ ಉತ್ತರ

ಕೊನೆಯ ಸಲಹೆಯೊಂದನ್ನು ಬಿಟ್ಟು ಮೇಲಿನ ಎಲ್ಲವನ್ನೂ ಒಪ್ಪುತ್ತೇನೆ. ಬ್ಯುಟೈಲ್ (ಒಂದು ಬಗೆಯ ರಬ್ಬರ್) ಡ್ಯಾಂಪಿಂಗ್ ಹಾಳೆಯ ಕೆಲಸ ತಗಡಿನ ಅನುರಣನವನ್ನು ತಗ್ಗಿಸುವುದು. ಅದಕ್ಕೆ ಪ್ರತಿ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಹಚ್ಚಿದರೂ ಪ್ರಯೋಜನದ ಬಹುಪಾಲು ದೊರೆಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಢಣ್ ಎನ್ನುತ್ತಿದ್ದ ತಗಡು ದಬ್ ಎಂದರೆ ಸಾಕೆಂದು ತಿಳಿಯಿರಿ. ಎರಡು ಪ್ಲಾಸ್ಟಿಕ್ ಭಾಗಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದಿಗೆ ಈ ಹಾಳೆ ಔಷಧವಲ್ಲ, ಅಲ್ಲಿ ಬೇಕಾದದ್ದು ನಡುವೆ ತೂರಿಸುವ ಫೋಮ್ ಅಥವಾ ಫೆಲ್ಟ್. ಟಾರಿನಿಂದ ಮಾಡಿದ ಹಾಳೆಗಳು ಬಿಸಿಲಿಗೆ ಮೆತ್ತಗಾಗಿ ವಾಸನೆ ಬೀರುವುದುಂಟಾದ್ದರಿಂದ ಬ್ಯುಟೈಲನ್ನೇ ಆರಿಸಿಕೊಳ್ಳಿ. ಬಾಗಿಲಿನ ಕೆಳಗಿರುವ ನೀರಿನ ರಂಧ್ರಗಳನ್ನು ಮುಚ್ಚಬೇಡಿ.

ಬಾಗಿಲುಗಳೂ ನಡುಗುತ್ತಿದ್ದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಅಲ್ಲಿರುವ ಸ್ಪೀಕರ್‌ಗಳೇ. ಸ್ಟೀರಿಯೋದಲ್ಲಿ ಅವುಗಳಿಗೆ 80 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ತಗ್ಗಿನ ಸ್ವರಗಳನ್ನು ತಡೆಯುವುದು) ಹಾಕಿ, ಸಬ್‌ವೂಫರಿಗೆ ಅಲ್ಲಿಯೇ ಲೋ ಪಾಸ್ (ಮೇಲಿನ ಸ್ವರಗಳನ್ನು ತಡೆಯುವುದು) ಕೊಡಿ. ಖರ್ಚಿಲ್ಲದೆ ಅರ್ಧ ಸದ್ದು ಅಲ್ಲಿಯೇ ಅಡಗಬಹುದು. ಸಬ್‌ವೂಫರಿನ ಅಲೆಯನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ ಬದಲಿಸಿ, ಚಾಲಕನ ಸೀಟಿನಲ್ಲಿ ಕುಳಿತಾಗ ಯಾವುದರಲ್ಲಿ ಬಾಸ್ ತುಂಬಿ ಬರುತ್ತದೆಯೋ ಅದನ್ನೇ ಉಳಿಸಿಕೊಳ್ಳಿ; ಕೆಲವೊಮ್ಮೆ ಬೇಕೆನಿಸಿದ ಹೆಚ್ಚುವರಿ ವ್ಯಾಟ್ ಆ ಸ್ವಿಚ್ಚಿನಲ್ಲೇ ಅಡಗಿರುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಧನ್ಯವಾದಗಳು. ಆಂಪ್ಲಿಫೈಯರ್ ಕೊಳ್ಳುವ ಮೊದಲೇ ಸದ್ದಿನ ಬೇಟೆ ನಡೆಸಿದೆ. ನಂಬರ್ ಪ್ಲೇಟ್, ಜ್ಯಾಕಿನ ಹಿಡಿ ಮತ್ತು ಹಿಂದಿನ ಸೀಟ್ ಬೆಲ್ಟಿನ ಕೊಂಡಿ, ಈ ಮೂರೇ ಮುಕ್ಕಾಲು ಪಾಲು ಗಲಾಟೆಗೆ ಕಾರಣವಾಗಿದ್ದವು. ಅವು ಸುಮ್ಮನಾದ ಮೇಲೆ ಈಗಿರುವ 150 ವ್ಯಾಟ್‌ನಲ್ಲಿಯೇ ಬಾಸ್ ಗಿಟಾರಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿದೆ, ಹೀಗಾಗಿ 350ರದ್ದನ್ನೇ ಕೊಳ್ಳಲು ತೀರ್ಮಾನಿಸಿದ್ದೇನೆ. 38 ಹರ್ಟ್ಸ್‌ನ ಸುತ್ತ ಛಾವಣಿಯ ಕಡೆಯಿಂದ ಸಣ್ಣ ಕಿರಿಕಿರಿ ಮಾತ್ರ ಉಳಿದಿದೆ.

ಎರಡನೆಯ ಉತ್ತರ ಬರೆದವರಿಂದ

ಛಾವಣಿಯ ದೀಪದ ಮುಚ್ಚಳವನ್ನು ಬೆರಳಿನಿಂದ ಒತ್ತಿ ನೋಡಿ, ಬಳಿಕ ಕನ್ನಡಕ ಇಡುವ ಗೂಡಿನ ಬಾಗಿಲನ್ನು. ಪಕ್ಕದ ಕಂಬಗಳ ಹೊದಿಕೆಯೊಳಗೆ ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ಏನನ್ನೂ ತುಂಬಬೇಡಿ, ಅಂಟಿಸಲೂ ಬೇಡಿ. ಹಾಳೆಯ ವಿಷಯದಲ್ಲಿ ಮೂರನೆಯವರು ಹೇಳಿದ್ದು ಸರಿ, ನಾನು ಬೇಕಾದುದಕ್ಕಿಂತ ಇಮ್ಮಡಿ ಹಾಳೆ ಅಂಟಿಸಿದ್ದೆ.