ಡಬ್ಬಿಯಿಂದ ತಟ್ಟೆಗೆ: ನಮ್ಮ ಶಾಲೆಯ ಊಟದ ಕಥೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಪುಣೆ ಪಕ್ಕದ ಪಿಂಪ್ರಿ ಕಡೆಯ ಅಕ್ಕ ಒಬ್ಬರು ಇಲ್ಲಿ ಕೇಳಿದ್ದರು: "ಮಕ್ಕಳ ಶಾಲೆಯಲ್ಲಿ ಜೂನ್‌ನಿಂದ ಊಟ ಕೊಡ್ತಾರಂತೆ, ಮನೆ ಡಬ್ಬಿ ತರೋ ಹಾಗಿಲ್ಲವಂತೆ. ಒಪ್ಪಿಕೊಳ್ಳೋದಾ, ಬೇಡವಾ?" ಒಂದು ಸಾಲಿನಲ್ಲಿ ಹೇಳಿ ಮುಗಿಸೋ ಮಾತಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ನಮ್ಮ ಮಗನ ಶಾಲೆಯಲ್ಲಿ ಇದು ಶುರುವಾಗಿ ವರ್ಷ ದಾಟಿತು. ಊಟ ನೋಡಿಕೊಳ್ಳೋ ಪಾಲಕರ ಸಮಿತಿಯಲ್ಲಿ ನಾನೂ ಇದ್ದೇನೆ. ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳೋ ಜಾಗದಲ್ಲಿ.

ಮೊದಲು ಡಬ್ಬಿಯ ವಿಷಯ. ನಾವಿರೋದೂ ಪುಣೆ ಕಡೆಯೇ, ವಾಕಡ್‌ನಲ್ಲಿ. ನಾನು ಗದಗದ ಕಡೆಯವಳು, ಯಜಮಾನರು ಹಾಸನದವರು. ಹಾಗಾಗಿ ಮನೆಯಲ್ಲಿ ಜೋಳವೂ ಉಂಟು, ರಾಗಿಯೂ ಉಂಟು. ಮಗ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಡಬ್ಬಿ ಹಾಗೇ ವಾಪಸ್ ಬಂತು. ತೆಗೆದು ನೋಡಿದರೆ ರಾಗಿ ರೊಟ್ಟಿಯ ಒಂದು ಅಂಚು ಮಾತ್ರ ಮುರಿದಿತ್ತು. ಕೇಳಿದರೆ, ಪಕ್ಕದ ಹುಡುಗ "ಕಾಳಿ ಪೋಳಿ", ಅಂದರೆ ಕರಿ ಚಪಾತಿ, ಅಂದನಂತೆ. ಆಮೇಲೆ ಇಡೀ ಬೆಂಚು ಬಗ್ಗಿ ನೋಡಿತಂತೆ. ಅದೇ ರಾಗಿ ಇಲ್ಲಿ ನಾಚಣಿ. ಕೊಂಕಣದಲ್ಲಿ ನಾಚಣಿ ಭಾಕರಿ (ರೊಟ್ಟಿ) ದಿನದ ಊಟ, ಆ ಹುಡುಗನ ಅಜ್ಜಿಯೂ ತಟ್ಟಿರಬಹುದು. ಏಳು ವರ್ಷದ ಮಗುವಿಗೆ ಇದನ್ನೆಲ್ಲ ಹೇಳಿ ಏನು ಪ್ರಯೋಜನ? ಮರುದಿನದಿಂದ ಬ್ರೆಡ್ಡು, ಜಾಮು. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 350 ಮಿಲಿಗ್ರಾಂ ಆಸುಪಾಸು, ಅಕ್ಕಿಯಲ್ಲಿ 10 ಕೂಡ ಇಲ್ಲ. ಇದು ಗೊತ್ತಿದ್ದೂ ಜಾಮು ಹಚ್ಚಿ ಕಳಿಸಿದವಳು ನಾನು. ನಾಚಿಕೆ ಅವನಿಗೆ ಎಷ್ಟಿತ್ತೋ, ನನಗೂ ಅಷ್ಟೇ ಇತ್ತು ಅಂತ ಈಗ ಅನಿಸುತ್ತೆ.

2025ರ ಮೇ ತಿಂಗಳಲ್ಲಿ ಸಿಬಿಎಸ್ಇ ತನ್ನ ಎಲ್ಲ ಶಾಲೆಗಳಿಗೂ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ತಂಪು ಪಾನೀಯದಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಮಕ್ಕಳಿಗೆ ತೋರಿಸೋ ಫಲಕ. 4ರಿಂದ 10 ವರ್ಷದ ಮಕ್ಕಳಿಗೆ ದಿನದ ಕ್ಯಾಲೊರಿಯಲ್ಲಿ ಶೇ. 13 ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ಶೇ. 5 ಅಂತ ಆ ಸುತ್ತೋಲೆಯಲ್ಲಿತ್ತು. ನಮ್ಮ ಶಾಲೆಯವರು ಫಲಕ ಹಾಕಿದರು. ಅದರ ಹಿಂದೆಯೇ "ಆರೋಗ್ಯಕರ ಊಟದ ಯೋಜನೆ" ಅಂತ ಪಾಲಕರ ಸಭೆ ಕರೆದರು.

ಸಭೆಗೆ ಗುತ್ತಿಗೆದಾರರು ಲ್ಯಾಮಿನೇಟ್ ಮಾಡಿಸಿದ ಮೆನು ತಂದಿದ್ದರು. ಸೋಮವಾರ ಮಿಲೆಟ್ ಖಿಚಡಿ, ಮಂಗಳವಾರ ಪಾಲಕ್ ಪನೀರ್, ಬದಿಯಲ್ಲಿ ನಗೋ ಕ್ಯಾರೆಟ್ ಚಿತ್ರ. ಎಲ್ಲರೂ ತಲೆಯಾಡಿಸಿದೆವು. ಹಿಂದೆ ಕೂತಿದ್ದ ಒಬ್ಬ ತಂದೆ ಮಾತ್ರ ಮರಾಠಿಯಲ್ಲಿ ಕೇಳಿದರು: "ಒಂದು ಮಗುವಿಗೆ ಬೇಳೆ ಎಷ್ಟು ಗ್ರಾಂ ಹಾಕ್ತೀರಿ?" ಗುತ್ತಿಗೆದಾರರ ಹತ್ತಿರ ಉತ್ತರ ಇರಲಿಲ್ಲ. ಕೇಳಿದವರು ಜಿಲ್ಲಾ ಪರಿಷತ್ ಶಾಲೆಯ ಮೇಷ್ಟ್ರು. ಅವರ ಶಾಲೆಯಲ್ಲಿ ಇದು ದಿನದ ಲೆಕ್ಕ.

ಅಕ್ಕ, ನೀವೂ ಸಭೆಗೆ ಹೋದಾಗ ಇದನ್ನೇ ಕೇಳಿ. ಖಾಸಗಿ ಶಾಲೆಗೆ ಅಂಥ ಅಳತೆ ಯಾರೂ ಕೊಟ್ಟಿಲ್ಲ, ಆದರೆ ಸರ್ಕಾರಿ ಬಿಸಿಯೂಟಕ್ಕೆ ಇದೆ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟನೇ ಕ್ಲಾಸಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಇದನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ನಮ್ಮ ಗುತ್ತಿಗೆದಾರರ ಖಿಚಡಿಯನ್ನು ಆ ಲೆಕ್ಕದಲ್ಲಿ ನೋಡಿದಾಗ ಬೇಳೆ ಅರ್ಧಕ್ಕಿಂತ ಕಡಿಮೆ ಇತ್ತು. ಹಣ ಮಾತ್ರ ಸರ್ಕಾರ ಕೊಡೋ ಅಡುಗೆ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ.

ನಮ್ಮಲ್ಲಿ ತುಂಬಾ ಜನ ಬಿಸಿಯೂಟ ಅಂದರೆ ಮೂಗು ಮುರಿಯುತ್ತೇವೆ, ಅದಕ್ಕೆ ಈ ಮಾತು. ನಾನು ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. 1995ರಲ್ಲಿ ಕೇಂದ್ರದ ಯೋಜನೆ ಬಂದಾಗ ಅಡುಗೆ ಇರಲಿಲ್ಲ. ಶೇ. 80 ಹಾಜರಿ ಇದ್ದವರಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ. ತಿಂಗಳ ಕೊನೆಗೆ ಅವ್ವ ಹೊಲಿದ ಬಟ್ಟೆ ಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆ. ಬೇಯಿಸಿದ ಊಟವೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರಿನಲ್ಲಿ. ಆಮೇಲೆ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಬಂತು. ಅಷ್ಟರಲ್ಲಿ ನಾನು ಹೈಸ್ಕೂಲು, ಬಿಸಿ ಅನ್ನ ಸಾರು ಉಂಡವನು ನನ್ನ ತಮ್ಮ. 2013ರಿಂದ ಕ್ಷೀರಭಾಗ್ಯದ ಹಾಲು ಬೇರೆ. ಆ ಅಡುಗೆಮನೆಗಳು ಇಷ್ಟು ವರ್ಷದಲ್ಲಿ ಕಲಿತದ್ದನ್ನು ನಮ್ಮ ಫೀಸು ತೆಗೆದುಕೊಳ್ಳೋ ಶಾಲೆಗಳು ಹೋಗಿ ನೋಡಿಕೊಂಡು ಬಂದರೆ ತಪ್ಪೇನೂ ಇಲ್ಲ.

ಮೊದಲ ವಾರ ನಮ್ಮಲ್ಲಿ ಏನಾಯ್ತು ಹೇಳ್ತೀನಿ. ಊಟ ಹೊರಗಿನ ಅಡುಗೆಮನೆಯಿಂದ ಟೆಂಪೋದಲ್ಲಿ ಬರುತ್ತಿತ್ತು. ಏಳು ಗಂಟೆಗೆ ತುಂಬಿದ ಡಬ್ಬ ಮಕ್ಕಳ ಮುಂದೆ ತೆರೆದದ್ದು ಹನ್ನೆರಡಕ್ಕೆ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅನ್ನೋದು ಆಹಾರ ಸುರಕ್ಷತೆಯ ನಿಯಮ. ಆ ಖಿಚಡಿಗೆ ಥರ್ಮಾಮೀಟರ್ ಬೇಕೇ ಇರಲಿಲ್ಲ. ಸೌಟು ಚುಚ್ಚಿದರೆ ಗಟ್ಟಿ ಚೌಕವಾಗಿ ಎದ್ದು ಬಂತು, ಮೈಸೂರು ಪಾಕಿನ ಹಾಗೆ. ಮಗ ಮನೆಗೆ ಬಂದವನೇ ಎರಡು ತಟ್ಟೆ ಅವಲಕ್ಕಿ ಮುಗಿಸಿದ. ಗೇಟಿನ ಹೊರಗಿನ ವಡಾಪಾವ್ ಗಾಡಿಯವನಿಗೆ ಆ ವಾರ ಒಳ್ಳೆ ವ್ಯಾಪಾರ. ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಎಣ್ಣೆ, ಸಕ್ಕರೆ, ಉಪ್ಪು ಜಾಸ್ತಿ ಇರೋ ತಿಂಡಿ ಮಾರಬಾರದು ಅಂತ 2020ರ ನಿಯಮವೇ ಇದೆ. ಗಾಡಿ ಎಷ್ಟು ಮೀಟರಿನಲ್ಲಿದೆ ಅಂತ ನಾನಂತೂ ಅಳೆಯಲು ಹೋಗಿಲ್ಲ. ನಾನೂ ಅವನ ಗಿರಾಕಿ.

ಈಗ ಅನ್ನ, ವರಣ್ (ತೊವ್ವೆ), ಉಸಳ್ (ಕಾಳಿನ ಪಲ್ಯ) ಶಾಲೆಯಲ್ಲೇ ಆಗುತ್ತೆ. ಪೋಳಿ ಮಾತ್ರ ಹೊರಗಿನಿಂದ. ಆದರೆ ನಿಜವಾದ ಬದಲಾವಣೆ ತಂದದ್ದು ಒಂದು ಬಕೆಟ್. ಮಕ್ಕಳು ಬಿಟ್ಟದ್ದನ್ನೆಲ್ಲ ಒಂದೇ ಬಕೆಟ್ಟಿಗೆ ಹಾಕಿ, ರದ್ದಿಯವರ ಹತ್ತಿರ ಇರೋ ಥರದ ಕೊಕ್ಕೆ ತಕ್ಕಡಿಯಲ್ಲಿ ತೂಗಿ, ಗೋಡೆ ಮೇಲೆ ಬರೆಯೋದು. ತೂಗೋದು ಬಡಿಸೋ ಮಾವಶಿಯ ಕೆಲಸ. ಮಾವಶಿ ಅಂದರೆ ಚಿಕ್ಕಮ್ಮ, ಊಟ ಬಡಿಸೋ ಹೆಂಗಸನ್ನು ಇಲ್ಲಿ ಹಾಗೇ ಕರೆಯೋದು. ನಾವು ಸಮಿತಿಯವರು ತಾಸುಗಟ್ಟಲೆ ಮಾತಾಡಿ ಕಂಡುಹಿಡಿಯದೇ ಇದ್ದದ್ದನ್ನು ಅವರು ಹದಿನೈದು ದಿನದಲ್ಲಿ ಹೇಳಿದರು. ಸೋರೆಕಾಯಿ ಪಲ್ಯದ ದಿನ ಬಕೆಟ್ ಎತ್ತಲು ಇಬ್ಬರು ಬೇಕು. ಮಟಕಿ ಉಸಳ್ ದಿನ ತಳ ಕಾಣುತ್ತೆ. ಮಟಕಿ ಅಂದರೆ ನಮ್ಮ ಮಡಿಕೆ ಕಾಳು, ಇಲ್ಲಿ ತರಕಾರಿಯವರ ಹತ್ತಿರ ಮೊಳಕೆ ಬಂದದ್ದೇ ಸಿಗುತ್ತೆ. ಸೋರೆಕಾಯಿಯನ್ನು ತುರಿದು ಥಾಲಿಪೀಠದ ಹಿಟ್ಟಿಗೆ ಸೇರಿಸಿ ಅಂದದ್ದೂ ಮಾವಶಿಯೇ. ಈಗ ಮಕ್ಕಳು ಸೋರೆಕಾಯಿ ತಿನ್ನುತ್ತಿದ್ದೇವೆ ಅಂತ ಗೊತ್ತಿಲ್ಲದೇ ತಿನ್ನುತ್ತಾರೆ.

ಇನ್ನೊಂದೂ ಅವರೇ ಹೇಳಿದ್ದು. ಮಧಲಿ ಸುಟ್ಟಿ, ಅಂದರೆ ಊಟದ ಬಿಡುವು, ಅರ್ಧ ಗಂಟೆ. ಅದರಲ್ಲಿ ಕೈ ತೊಳೆಯೋ ಸಾಲಿಗೇ ಹತ್ತು ನಿಮಿಷ. ಉಳಿದದ್ದರಲ್ಲಿ ಬೇಗ ತಿಂದವನಿಗೆ ಆಟ. ಹಾಗಾದರೆ ಯಾವ ಹುಡುಗ ನಿಧಾನವಾಗಿ ಅಗಿದು ತಿಂತಾನೆ? ಮಾವಶಿ ಕೇಳಿದ್ದು ಇಷ್ಟೇ: ಮೊದಲು ಆಡಿಸಿ, ಆಮೇಲೆ ಉಣ್ಣಿಸಿ. ಹೆಡ್‌ಮಿಸ್ಟ್ರೆಸ್ ಒಪ್ಪಲು ಎರಡು ತಿಂಗಳು ಹಿಡಿಯಿತು, ನಲ್ಲಿಗಳನ್ನು ಹೆಚ್ಚಿಸಲು ಇನ್ನೂ ಒಂದು. ಆಡಿ ಹಸಿದು ಬಂದ ಮಕ್ಕಳು ತಟ್ಟೆ ನೋಡಿ ಮುಖ ಸಿಂಡರಿಸೋದು ಕಡಿಮೆಯಾಯಿತು. ಗೋಡೆ ಮೇಲಿನ ಅಂಕಿಯೂ ಇಳಿಯಿತು.

ಮೊಟ್ಟೆ ವಿಷಯ ಕೇಳಬೇಡಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಅಂತ ಒಂದು ದಾರಿ ಮಾಡಿದ್ದಾರೆ. ನಮ್ಮ ಸಮಿತಿಯಲ್ಲಿ ಆ ಮಾತು ಎತ್ತಿದ ದಿನ ಸಭೆಯೇ ಮುಗಿದುಹೋಯಿತು. ಏಕಾದಶಿಯ ಸಾಬೂದಾಣೆ ಖಿಚಡಿಗೆ ಮಾತ್ರ ಒಬ್ಬರೂ ಬೇಡ ಅನ್ನಲಿಲ್ಲ. "ಏಕಾದಶಿ ದುಪ್ಪಟ್ ಖಾಶಿ", ಉಪವಾಸದ ದಿನ ಎರಡು ಪಟ್ಟು ತಿನ್ನೋದು, ಅಂತ ಮರಾಠಿಯಲ್ಲಿ ಗಾದೆಯೇ ಇದೆಯಲ್ಲ.

ಶೇಂಗಾ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಕೋಸಂಬರಿಗೂ ಪಲ್ಯಕ್ಕೂ ಶೇಂಗಾ ಪುಡಿ ಬೀಳುತ್ತೆ, ಕೂಟ್ ಅಂತಾರೆ. ನಮ್ಮ ಶಾಲೆಯಲ್ಲಿ ಒಂದು ಮಗುವಿಗೆ ಶೇಂಗಾ ಅಲರ್ಜಿ. ಮನೆಯವರು ಫಾರಂನಲ್ಲಿ ಬರೆದುಕೊಟ್ಟಿದ್ದರು. ಆ ಫಾರಂ ಆಫೀಸಿನ ಕಪಾಟಿನಲ್ಲಿತ್ತು, ಅಡುಗೆಮನೆಗೆ ತಲುಪಿರಲಿಲ್ಲ. ಸೌತೆಕಾಯಿ ಕೋಸಂಬರಿ ಒಂದು ತುತ್ತು ತಿಂದು ಮಗುವಿನ ತುಟಿ ಊದಿತು. ಕ್ಲಾಸ್ ಟೀಚರ್‌ಗೆ ತಕ್ಷಣ ಗೊತ್ತಾಗಿ ಆಸ್ಪತ್ರೆಗೆ ಒಯ್ದರು, ಸಂಜೆ ಹೊತ್ತಿಗೆ ಸರಿಹೋಯಿತು. ಈಗ ಅಡುಗೆಮನೆ ಬಾಗಿಲಿಗೇ ಪಟ್ಟಿ ಅಂಟಿಸಿದೆ, ಮರಾಠಿಯಲ್ಲಿ, ದೊಡ್ಡ ಅಕ್ಷರದಲ್ಲಿ. ಶೇಂಗಾ ಪೂರ್ತಿ ಬಂದ್. ನಿಮ್ಮ ಶಾಲೆಯಲ್ಲಿ ಈ ಪಟ್ಟಿ ಎಲ್ಲಿದೆ ಅಂತ ಅಡುಗೆಯವರನ್ನೇ ಕೇಳಿ. ಆಫೀಸಿನವರು "ಇದೆ" ಅನ್ನುತ್ತಾರೆ.

ಇಷ್ಟೆಲ್ಲ ಆದಮೇಲೂ, ನನ್ನ ಪ್ರಕಾರ ಒಪ್ಪಿಕೊಳ್ಳಿ ಅಕ್ಕ. ಎಲ್ಲರ ತಟ್ಟೆಯಲ್ಲೂ ಒಂದೇ ಬಣ್ಣ ಇದ್ದಾಗ ಯಾರೂ ಯಾರ ತಟ್ಟೆಗೂ ಬಗ್ಗಿ ನೋಡೋದಿಲ್ಲ. ಕಳೆದ ವರ್ಷ ಗುರುವಾರ ನಾಚಣಿ ಭಾಕರಿ ಶುರು ಮಾಡಿದರು. ಮಗ ಬಂದು "ಅಮ್ಮಾ, ಇವತ್ತು ಶಾಲೆಯಲ್ಲಿ ಹೊಸ ಐಟಂ" ಅಂದ. ಯಜಮಾನರು ಪೇಪರ್ ಕೆಳಗಿಟ್ಟು ನನ್ನ ಮುಖ ನೋಡಿದರು. ಕಳೆದುಕೊಂಡದ್ದೂ ಇದೆ. ನನ್ನ ತಿಳಿಸಾರಿಗೆ ಅವನೀಗ "ಪಾತಳ್ ಆಮ್ಟಿ" (ನೀರಾದ ಬೇಳೆಸಾರು) ಅಂತಾನೆ, ಬೆಲ್ಲ ಜಾಸ್ತಿ ಹಾಕು ಅಂತಾನೆ.

ಶನಿವಾರ ಅರ್ಧ ದಿನ, ಶಾಲೆಯ ಊಟ ಇಲ್ಲ. ಆ ಡಬ್ಬಿ ಇನ್ನೂ ನನ್ನದೇ. ಮೊದಲು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚುತ್ತಿದ್ದೆ. ಈಗ ಶೇಂಗಾ ಒಯ್ಯೋ ಹಾಗಿಲ್ಲ. ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಹಚ್ಚಿ, ಮೇಲೆ ತುಪ್ಪ ಬಿಟ್ಟು, ಮೆತ್ತಗಿರುವಾಗಲೇ ಸುರುಳಿ ಸುತ್ತುತ್ತೇನೆ. ಒಳಗೆಲ್ಲ ಕರ್ರಗೆ. ಹೋದ ಶನಿವಾರ ನಾಲ್ಕು ಸುರುಳಿ ಬೇಕು ಅಂದ. ಎರಡು ಅವನಿಗಲ್ಲವಂತೆ, ಬೆಂಚಿನವರಿಗಂತೆ. ಅಂದಹಾಗೆ, ಅಂಗಡಿಯಲ್ಲಿ ಗುರೆಳ್ಳು ಅಂದರೆ ಯಾರಿಗೂ ತಿಳಿಯೋದಿಲ್ಲ. ಕಾರಳೆ ಅಂತ ಕೇಳಿ.