ಮನೆಯಲ್ಲೇ 4×5 ಫಿಲ್ಮ್ ಸ್ಕ್ಯಾನ್, ಪ್ರಿಂಟ್: ಮಾಡಿ ನೋಡಿದವರು ಹೇಳಿ

ಕೇಳಿದವರು: ಬಾಗಲಕೋಟೆ, ನವನಗರ

ಹಳೆಯದೊಂದು 4×5 ಇಂಚಿನ ಫೀಲ್ಡ್ ಕ್ಯಾಮೆರಾ ಕೊಂಡಿದ್ದೇನೆ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ತೆಗೆದ ಕಪ್ಪು-ಬಿಳುಪು ಶೀಟ್‌ಗಳನ್ನು (ಬಿಡಿ ಹಾಳೆಯಂಥ ಫಿಲ್ಮ್) ಬಚ್ಚಲುಮನೆಯಲ್ಲೇ ತೊಳೆಯುತ್ತೇನೆ. ಸ್ಕ್ಯಾನಿಗೆ ಬೆಂಗಳೂರಿಗೆ ಕಳಿಸಿದರೆ ಖರ್ಚೂ ಹೌದು, ಗೀರೂ ಹೌದು. ಜೊತೆಗೆ ಅಜ್ಜನ ಸ್ಟುಡಿಯೊದ, 4×5ಗಿಂತ ತುಸು ದೊಡ್ಡದಾದ ಹಾಫ್ ಪ್ಲೇಟ್ ನೆಗೆಟಿವ್‌ಗಳ ಡಬ್ಬಿಯೊಂದಿದೆ. ಆಲಮಟ್ಟಿ ಹಿನ್ನೀರಿಗೆ ಹೋದ ಹಳೆಯ ಊರಿನ ಓಣಿಗಳು ಅದರಲ್ಲಿವೆ. ಏನು ಕೊಳ್ಳಲಿ, ಏನು ಬಿಡಲಿ?

ವಿಜಯಪುರದಿಂದ

ಅಗ್ಗವಾಗಿ ಸಿಗುತ್ತದೆಂದು ಎಪ್ಸನ್ ವಿ600 ಸ್ಕ್ಯಾನರ್ ಮೇಲೆ ಮನಸ್ಸು ಮಾಡಬೇಡಿ. ಅದರ ಮುಚ್ಚಳದ ಬೆಳಕಿನ ಕಿಂಡಿ ಸುಮಾರು 6 ಸೆಂ.ಮೀ. ಅಗಲದ 120 ರೋಲ್ ಫಿಲ್ಮಿಗೆ ಮಾತ್ರ ಸಾಲುವಷ್ಟು ಅಗಲ; 4×5 ಶೀಟನ್ನು ಎರಡು ಸಲ ಓದಿಸಿ ಜೋಡಿಸಬೇಕಾಗುತ್ತದೆ. ವಿ700, ವಿ750, ವಿ800, ವಿ850 ಇವುಗಳಲ್ಲಿ ಯಾವುದು ಸಿಕ್ಕರೂ ಸರಿ. 8×10ರವರೆಗೆ ಬೆಳಕು ಬೀಳುತ್ತದೆ, ಅಜ್ಜನ ಹಾಫ್ ಪ್ಲೇಟಿಗೂ ಜಾಗವಿದೆ. ಡಬ್ಬದ ಮೇಲಿನ 6400 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಮಾತನ್ನು ನಂಬಬೇಡಿ. ಈ ಯಂತ್ರಗಳು ನಿಜಕ್ಕೂ ಬಿಡಿಸಿ ತೋರಿಸುವುದು 2400ರ ಆಸುಪಾಸು. ಅದೇ ಧಾರಾಳ: ಸುಮಾರು 9600×12000 ಪಿಕ್ಸೆಲ್, ಇಂಚಿಗೆ 300ರಂತೆ 32×40 ಇಂಚಿನ ಚಿತ್ರ. ನಿಮ್ಮ ಪಡಸಾಲೆಯಲ್ಲಿ ಅಷ್ಟು ಗೋಡೆ ಇದೆಯೇ?

16-ಬಿಟ್ ಗ್ರೇಸ್ಕೇಲ್‌ನಲ್ಲಿ (ಬೂದು ಛಾಯೆಗಳು ಹೆಚ್ಚು ಉಳಿಯುವ ಆಯ್ಕೆ) ಮಂಕಾಗಿಯೇ ಸ್ಕ್ಯಾನ್ ಮಾಡಿ, ಕಾಂಟ್ರಾಸ್ಟ್ ಆಮೇಲೆ ಏರಿಸಿ. ದೂಳಿನ ಕಲೆ ಅಳಿಸುವ ಡಿಜಿಟಲ್ ಐಸ್ ಸೌಲಭ್ಯವನ್ನು ಬಳಸಬೇಡಿ. ಅದು ಇನ್‌ಫ್ರಾರೆಡ್ ಬೆಳಕಿನಲ್ಲಿ ದೂಳು ಹುಡುಕುತ್ತದೆ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿಯೂ ಆ ಬೆಳಕನ್ನು ತಡೆಯುವುದರಿಂದ ಚಿತ್ರವನ್ನೇ ದೂಳೆಂದುಕೊಂಡು ಕೆಡಿಸುತ್ತದೆ. ಫಿಲ್ಮಿನ ನಡುಭಾಗ ಜೋತರೆ ಅಲ್ಲಿ ಫೋಕಸ್ ತಪ್ಪುತ್ತದೆ, ಹೊಳಪಿನ ಬೆನ್ನು ನುಣುಪು ಗಾಜಿಗೆ ತಾಗಿದರೆ ಎಣ್ಣೆ ಬಿದ್ದ ನೀರಿನಂತೆ ನ್ಯೂಟನ್ ಉಂಗುರಗಳು ಏಳುತ್ತವೆ. ಎರಡಕ್ಕೂ ಮದ್ದು ಆಂಟಿ-ನ್ಯೂಟನ್ ಗಾಜು, ಅಂದರೆ ಒಂದು ಮೈ ತುಸು ಒರಟಾದ ಗಾಜು.

ಆದರೆ ನಮ್ಮ ಕಡೆ ಸಮಯ ತಿನ್ನುವುದು ಯಂತ್ರವಲ್ಲ, ದೂಳು ಮತ್ತು ನೀರು. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ನಿಲ್ಲಿಸಿ, ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆದ ಶೀಟ್ ಒಣಗಿದಾಗ ಬಿಳಿ ಚುಕ್ಕೆಗಳು ಉಳಿಯುತ್ತವೆ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಕೆಲವು ಹನಿ ಫೋಟೊ-ಫ್ಲೋ (ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ದ್ರವ) ಸೇರಿಸಿ ಅದ್ದಿ ತೆಗೆಯಿರಿ.

ಬೆಳಗಾವಿ, ಶಹಾಪುರದಿಂದ

ತಮ್ಮಾ, ಸ್ಕ್ಯಾನರ್ ಮಾತು ಆಮೇಲೆ. 4×5 ಹಿಡಿದವನು ಮೊದಲು ಕಾಂಟ್ಯಾಕ್ಟ್ ಪ್ರಿಂಟ್, ಅಂದರೆ ನೆಗೆಟಿವನ್ನು ಪೇಪರಿಗೇ ಒತ್ತಿ ಅದೇ ಅಳತೆಯ ಚಿತ್ರ ತೆಗೆಯಬೇಕು. ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನ ಗೊಡವೆಯೇ ಇಲ್ಲ. ಕೆಂಪು ದೀಪದಲ್ಲಿ ಫೋಟೊ ಪೇಪರ್ ಇಡು, ಅದರ ಮೇಲೆ ಮಂಕು ಮೈ ಕೆಳಗಾಗಿ ನೆಗೆಟಿವ್, ಅದರ ಮೇಲೆ ದಪ್ಪ ಗಾಜು. ಮೇಲೆ ತೂಗುವ 15 ವ್ಯಾಟ್ ಬಲ್ಬ್ ಹಾಕಿ, ರಟ್ಟನ್ನು ಎರಡೆರಡು ಸೆಕೆಂಡಿಗೆ ಸರಿಸುತ್ತ ಪರೀಕ್ಷೆಯ ಪಟ್ಟಿ ತೆಗೆ. ಡೆವಲಪರ್ ತಟ್ಟೆಯಲ್ಲಿ ಮೊದಲು ಗುಹೆಯ ನೆರಳು ಮೂಡುತ್ತದೆ, ಆಮೇಲೆ ಕಲ್ಲಿನ ಮೈ, ಎಲ್ಲಕ್ಕಿಂತ ಕೊನೆಗೆ ಆಕಾಶ. ನೆರಳಿನೊಳಗೆ ಏನೂ ಕಾಣದಿದ್ದರೆ ನೀನು ಫಿಲ್ಮಿಗೆ ಬೆಳಕು ಕಡಿಮೆ ಕೊಟ್ಟಿದ್ದೀ ಎಂದರ್ಥ. ಎಷ್ಟು ದುಬಾರಿ ಸ್ಕ್ಯಾನರ್ ತಂದರೂ ಅಲ್ಲಿಂದ ಏನೂ ಹುಟ್ಟುವುದಿಲ್ಲ.

ಅಜ್ಜನ ಡಬ್ಬಿಯನ್ನು ಕಿಟಕಿ ತೆರೆದಿಟ್ಟು ಬಿಚ್ಚು. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೆಡುತ್ತಿದೆ. ಅವುಗಳನ್ನು ಬೇರೆ ಇಟ್ಟು, ಮೊದಲು ಸ್ಕ್ಯಾನ್ ಮಾಡು. ಅಂಚಿನಲ್ಲಿ 'ಸೇಫ್ಟಿ' ಎಂಬ ಅಕ್ಷರವಿಲ್ಲದ ತೀರ ಹಳೆಯವು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ಆಗಿರಬಹುದು. ಅವನ್ನು ಬೆಂಕಿಯ, ಬಿಸಿಯ ಹತ್ತಿರ ತರಬೇಡ; ಹೊತ್ತಿದರೆ ನೀರಿಗೂ ಬಗ್ಗುವುದಿಲ್ಲ. ನಮ್ಮ ಊರಿನ ಮಳೆಗಾಲದಲ್ಲಿ ದೂಳಿನ ಬದಲು ಬೂಷ್ಟು, ಅದಕ್ಕೆ ಸಿಲಿಕಾ ಜೆಲ್. ನಿನಗೆ ಆ ಚಿಂತೆ ಅಷ್ಟಿಲ್ಲ.

ಜಮಖಂಡಿಯಿಂದ

ಪ್ರಿಂಟರ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಒಣ ಹವೆಯಲ್ಲಿ ಇಂಕ್‌ಜೆಟ್ ಸುಮ್ಮನೆ ಕುಳಿತರೆ ಹೆಡ್ ಕಟ್ಟಿಕೊಳ್ಳುತ್ತದೆ, ಅದನ್ನು ಬಿಡಿಸಲು ಅದೇ ದುಬಾರಿ ಇಂಕ್ ಸುರಿಯಬೇಕು. ವಾರಕ್ಕೊಂದಾದರೂ ಪ್ರಿಂಟ್ ತೆಗೆಯುವುದಿದ್ದರೆ ಮಾತ್ರ ಪಿಗ್ಮೆಂಟ್ ಇಂಕಿನದು ಕೊಳ್ಳಿ. ಇಲ್ಲವಾದರೆ ಫೈಲ್ ಕಳಿಸಿ ತೆಗೆಸಿ, ಫೈಲಿಗೆ ಗೀರು ಬೀಳುವುದಿಲ್ಲ. ಪ್ರಿಂಟ್ ಕಪ್ಪಾಗಿ ಬಂತೆಂದು ದೂರುವ ಮುನ್ನ ಕಂಪ್ಯೂಟರ್ ಪರದೆಯ ಬೆಳಕು ತಗ್ಗಿಸಿ ನೋಡಿ.

ಇಷ್ಟು ಬಿಸಿಲಿರುವಾಗ ಸಯನೋಟೈಪ್, ಅಂದರೆ ಬಿಸಿಲಿನಲ್ಲೇ ಮೂಡುವ ನೀಲಿ ಚಿತ್ರ, ಏಕೆ ಮಾಡಬಾರದು? 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಪದ್ಧತಿ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸೈನೈಡ್ ಎರಡನ್ನೂ ಕಲಸಿ ಕಾಗದಕ್ಕೆ ಬಳಿದು, ಒಣಗಿಸಿ, ನೆಗೆಟಿವ್ ಒತ್ತಿ ಮಾಳಿಗೆಯ ಮೇಲಿಟ್ಟರೆ ಸೂರ್ಯನೇ ಅಚ್ಚು ಹಾಕುತ್ತಾನೆ. ಕ್ಷಾರವಿರುವ ನೀರು ನೀಲಿಯನ್ನು ತಿನ್ನುತ್ತದೆ. ಅಚ್ಚಾದ ಕಾಗದವನ್ನು ತೊಳೆಯುವ ಮೊದಲ ನೀರಿಗೆ ಚಿಟಿಕೆ ನಿಂಬೆ ಉಪ್ಪು ಹಾಕಿ.

ನವನಗರದಿಂದ

ಬೆಳಗಾವಿಯ ಕಾಕಾ, ಕಾಂಟ್ಯಾಕ್ಟ್ ಪ್ರಿಂಟಿನಿಂದಲೇ ಶುರು ಮಾಡುತ್ತೇನೆ. ವಿಜಯಪುರದ ಸರ್, ಫೋಟೊ ಫ್ರೇಮ್ ಅಂಗಡಿಯ ಹೊಳಪಿಲ್ಲದ ಗಾಜು ನಡೆಯುತ್ತದೆಯೇ?

ವಿಜಯಪುರದಿಂದ

ನಡೆಯುತ್ತದೆ, ತರಿ ಸಣ್ಣದಿದ್ದರೆ. ಒರಟು ಮೈ ಫಿಲ್ಮಿನ ಹೊಳಪಿನ ಬೆನ್ನಿಗೆ ತಾಗಬೇಕು. ತರಿ ದಪ್ಪವಾದರೆ ಆಕಾಶದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದೆ, ಆದ್ದರಿಂದ ಮೊದಲು ಒಂದು ಸಣ್ಣ ತುಂಡನ್ನಷ್ಟೇ ಕತ್ತರಿಸಿಕೊಂಡು ಬನ್ನಿ. ಅಂಚನ್ನು ಅಂಗಡಿಯವರಿಂದಲೇ ಉಜ್ಜಿಸಿ.